ಅಟ್ಟದ ಮೇಲಿಟ್ಟ ಎರಡು ಮೊರ

ಬೀಳಗಿ,
೨೬ ಸೆಪ್ಟೆಂಬರ್ ೨೦೨೪, ಗುರುವಾರ

ಪೂಜ್ಯ ಮಾವನವರಿಗೆ,

ನಿಮ್ಮ ಮೊಣಕಾಲು ಹೇಗಿದೆ? ಮುಧೋಳದಲ್ಲಿ ಸುವರ್ಣಕ್ಕನ ಮನೆಗೆ ಹದಿನಾಲ್ಕು ಮೆಟ್ಟಿಲು. ಮಗಳ ಮನೆ ಎಂದು ಹಟಕ್ಕೆ ದಿನಾ ನಾಲ್ಕು ಸಲ ಹತ್ತಿ ಇಳಿಯಬೇಡಿ. ರಾತ್ರಿ ಎಣ್ಣೆ ಹಚ್ಚಿಕೊಳ್ಳಿ. ಇಲ್ಲಿ ಎಲ್ಲರೂ ಅರಾಮ ಇದ್ದೇವೆ. ನೀವು ಹೋದಮೇಲೆ ಚಹಾಪುಡಿ ಉಳಿಯಿತು ಎಂದು ಅತ್ತೆ ನಗುತ್ತಾರೆ, ಆದರೆ ಸಂಜೆಯ ಬಸ್ಸು ಬರುವ ಹೊತ್ತಿಗೆ ಬಾಗಿಲಿಗೆ ಹೋಗಿ ನಿಲ್ಲುವುದನ್ನು ಮಾತ್ರ ಬಿಟ್ಟಿಲ್ಲ. ಫೋನು ಮಾಡಿದರೆ ನೀವು ಸುವರ್ಣಕ್ಕನಿಗೆ "ನಾ ಮಲಗೇನಂತ ಹೇಳು ಅಕಿಗೆ" ಅನ್ನುತ್ತೀರಿ. ನನಗೆಲ್ಲ ಕೇಳಿಸುತ್ತದೆ. ಪತ್ರಕ್ಕೆ ಹಾಗೆ ಹೇಳಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಬೆನಕನ ಅಮವಾಸ್ಯೆಯ ದಿನ ಜಮಖಂಡಿಯ ಗಿರಮಲ್ಲಪ್ಪನವರು ನಲವತ್ತು ಮೊರಗಳನ್ನು ಟೆಂಪೋದಲ್ಲಿ ವಾಪಸ್ ತಂದು ನಮ್ಮ ಅಂಗಳದಲ್ಲಿ ಸುರಿದರು. "ಏನ್ರೀ ಶಿದ್ರಾಮಪ್ಪಾ, ಮದಿವಿಗೆ ಮರ ಕೇಳಿದ್ರ ಬೂಷ್ಟ ಹಿಡದ ರೊಟ್ಟಿ ಕಳಿಸೀರಲ್ಲ!" ಎಂದರು. ಓಣಿಯೆಲ್ಲ ನಿಂತು ನೋಡಿತು. ನೀವು ಪೂರ್ತಿಯಾಗಿ ನನ್ನ ಕೈಗೆ ಬಿಟ್ಟುಕೊಟ್ಟ ಮೊದಲ ಆರ್ಡರು ಅದು. ಬೂಷ್ಟಿಗಿಂತ ಹೆಚ್ಚು ಚುಚ್ಚಿದ್ದು ನಿಮ್ಮ ಮಾತು. "ನೇಕಾರ್ರ ಮನಿ ಹುಡಿಗಿ ಅಕಿ. ನೀರ ಚಿಮಕಸೋ ಕೈ ಅದು, ಬಿದರಿಗೆ ಒಗ್ಗಂಗಿಲ್ಲ" ಎಂದಿರಿ, ಅದೂ ಗಿರಮಲ್ಲಪ್ಪನವರ ಮುಂದೆ. ಮರುದಿನ ಸೀಳುಗತ್ತಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮುಧೋಳದ ಬಸ್ಸು ಹತ್ತಿದಿರಿ. ಕತ್ತಿ ಇಲ್ಲದಿದ್ದರೆ ನಾನು ಬಿದಿರು ಮುಟ್ಟುವುದಿಲ್ಲ ಎಂದಲ್ಲವೇ?

ಹೌದು ಮಾವನವರೇ, ನಾನು ರಬಕವಿಯ ನೇಕಾರರ ಮಗಳೇ. ನಮ್ಮಪ್ಪ ಬೇಸಿಗೆಯಲ್ಲಿ ಮಗ್ಗದ ಕೋಣೆಗೆ ನೀರು ಚಿಮುಕಿಸುತ್ತಿದ್ದರು, ಗಾಳಿ ಒಣಗಿದರೆ ನೂಲು ಕಡಿಯುತ್ತದೆ ಎಂದು. ತೇವ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತು. ಹೆಣೆಯುವಾಗ ಸೀಳು ಬಾಗಲಿ ಎಂದು ನೀವೂ ನೀರು ಹಾಕುತ್ತೀರಿ, ನಾನೂ ಹಾಕುತ್ತೇನೆ. ಎಷ್ಟು ಹಾಕಬೇಕು ಎಂದು ಆರು ವರ್ಷ ಎದುರಿಗೆ ಕೂರಿಸಿಕೊಂಡು ಕಲಿಸಿದವರು ನೀವೇ. ಕಲಿಸಿದವರೇ ನಾಲ್ಕು ಜನರ ಮುಂದೆ ಕೈ ಸರಿಯಿಲ್ಲ ಎಂದರೆ ನಾನು ಯಾರ ಹತ್ತಿರ ಹೋಗಲಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಆ ದಿನ ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಅಳು ನಿಂತಿತು, ಸಿಟ್ಟು ನಿಲ್ಲಲಿಲ್ಲ.

ನೀವು ಹೋದ ಎರಡನೇ ದಿನ ಅಟ್ಟ ಗುಡಿಸಲು ಹತ್ತಿದೆ. ಕೆಳಗೆ ಬೇಳೆಯ ಕುಕ್ಕರು ಇತ್ತು. ಮೂರನೇ ಸೀಟಿಗೆ ಹಬೆ ಬಂದು ನೇರ ಮುಖಕ್ಕೆ ಹೊಡೆಯಿತು. ತೊಲೆ ಹಿಡಿದರೆ ಅಂಗೈಯೆಲ್ಲ ಒದ್ದೆ. ಅಯ್ಯ ಶಿವನೇ, ಅಂದುಕೊಂಡೆ. ಹೆಣೆದ ಮಾಲನ್ನು ಒಲೆಯ ಮೇಲಿನ ಅಟ್ಟದಲ್ಲೇ ಇಡಬೇಕು ಎಂಬುದು ನಿಮ್ಮ ಅಜ್ಜನ ಕಾಲದ ರೂಢಿ. ಅದು ಸುಳ್ಳೇನಲ್ಲ. ಆಗ ಕೆಳಗೆ ಕಟ್ಟಿಗೆ ಉರಿಯುತ್ತಿತ್ತು. ಹೊಗೆಗೆ ಹುಳು ಬರುತ್ತಿರಲಿಲ್ಲ, ಬಿಸಿಗೆ ತೇವ ನಿಲ್ಲುತ್ತಿರಲಿಲ್ಲ. ಈ ಯುಗಾದಿಗೆ ಒಲೆ ಹೋಗಿ ಗ್ಯಾಸು ಬಂತು. ಗ್ಯಾಸಿಗೆ ಹೊಗೆ ಎಲ್ಲಿಂದ ಬರಬೇಕು? ಉಳಿದದ್ದು ಹಬೆ ಒಂದೇ. ಹೊರಗೆ ಮಳೆ, ಆಚೆ ಹೊಳೆಯ ಹಿನ್ನೀರು ತುಂಬಿ ಬರುವ ತಂಪುಗಾಳಿ, ಒಳಗೆ ದಿನಕ್ಕೆ ಎರಡು ಹೊತ್ತು ಕುಕ್ಕರು. ಇಷ್ಟರ ನಡುವೆ ನನ್ನ ನಲವತ್ತು ಮೊರ ಇಪ್ಪತ್ತು ದಿನ ಕೂತಿದ್ದವು. ಬೂಷ್ಟು ಹಿಡಿಯದೆ ಮಲ್ಲಿಗೆ ಅರಳುತ್ತದೆಯೇ?

ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಪರೀಕ್ಷೆ ಮಾಡಿದೆ. ಒಂದೇ ದಿನ ಹೆಣೆದ, ಒಂದೇ ಬಿಸಿಲಿಗೆ ಒಣಗಿದ ನಾಲ್ಕು ಮೊರ ತೆಗೆದುಕೊಂಡೆ. ಕಿರಾಣಿ ತಕ್ಕಡಿಯಲ್ಲಿ ದಿನಾ ತೂಗಿದೆ. ಮೂರು ದಿನ ತೂಕ ಇಳಿಯದೆ ನಿಂತಿತು ಎಂದರೆ ಒಳಗಿನ ನೀರು ಹೋಯಿತು ಎಂದರ್ಥ. ಆಮೇಲೆ ಎರಡನ್ನು ಅಟ್ಟಕ್ಕೆ ಹಾಕಿದೆ, ಎರಡನ್ನು ಹಿಂದಿನ ಕೋಣೆಯಲ್ಲಿಟ್ಟೆ. ಎಂಟನೇ ದಿನ ಅಟ್ಟದ ಎರಡೂ ಬೂಷ್ಟು ಹಿಡಿದು ತೂಕವೂ ಏರಿತ್ತು. ಕೋಣೆಯವು ಬೆರಳಿನಿಂದ ಬಡಿದರೆ ಠಣ್ ಎನ್ನುತ್ತಿದ್ದವು. ನಿಮ್ಮ ಮಗ ಬಾಯಿಬಿಟ್ಟು ನೋಡಿದರು. "ನಮ್ಮ ಫ್ಯಾಕ್ಟರ್‍ಯಾಗ ಸಕ್ಕರಿ ಚೀಲ ನೆಲಕ್ಕ ಇಡಂಗಿಲ್ಲ, ಗ್ವಾಡಿಗೆ ಹಚ್ಚಂಗಿಲ್ಲ. ಇಷ್ಟ ದಿನ ನನಗ್ಯಾಕ ಹೊಳಿಲಿಲ್ಲ ಲೇ?" ಎಂದು ತಮ್ಮನ್ನೇ ಬೈದುಕೊಂಡು, ಬಾಡಗಂಡಿಯ ಫ್ಯಾಕ್ಟರಿಯಿಂದ ಬರುವಾಗ ಹಳೆ ಹಲಗೆ ತಂದು ಹಿಂದಿನ ಕೋಣೆಯಲ್ಲಿ ಗೋಡೆಯಿಂದ ಗೇಣು ದೂರಕ್ಕೆ ಮೊರ ಇಡುವ ಸ್ಟ್ಯಾಂಡು ಹೊಡೆದುಕೊಟ್ಟರು. ಮಧ್ಯಾಹ್ನ ಕಿಟಕಿ ತೆರೆಯುತ್ತೇನೆ, ಸಂಜೆ ಹೊಳೆಗಾಳಿ ಏಳುವ ಮೊದಲು ಮುಚ್ಚುತ್ತೇನೆ. ಮೂಲೆಯಲ್ಲಿ ತೇವ ಹೀರಲು ಸುಟ್ಟ ಸುಣ್ಣದ ಹರಳಿನ ಗಡಿಗೆ ಇದೆ, ಹರಳು ಪುಡಿಯಾದರೆ ಬದಲಿಸುತ್ತೇನೆ. ಅತ್ತೆ ದಿನಕ್ಕೆ ಮೂರು ಸಲ ಹೋಗಿ ಮೊರ ಬಡಿದು ಬರುತ್ತಾರೆ. "ಕೇಳ ಬೇ, ಡೊಳ್ಳ ಬಾರಿಸಿಧಂಗ ಆಕ್ಕತಿ!" ಎನ್ನುತ್ತಾರೆ.

ಈಗ ನೀವು ಏನು ಯೋಚಿಸುತ್ತಿದ್ದೀರಿ ಎಂದು ಇಲ್ಲಿಂದಲೇ ಗೊತ್ತು. ಗ್ಯಾಸು ತಂದದ್ದು ನಾನೇ, ತಪ್ಪು ನನ್ನದೇ ಎಂದು ತಲೆ ತಗ್ಗಿಸುತ್ತೀರಿ. ಹಾಗೆ ಮಾಡಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. "ಸೊಸಿ ಕೆಮ್ಮೂದು ಕೇಳಿ ಕೇಳಿ ನನಗ ನಿದ್ದಿ ಇಲ್ಲ" ಎಂದು ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ತಂದವರು ನೀವು. ಒಲೆಯನ್ನು ನೀವೇ ಗುದ್ದಲಿಯಿಂದ ಒಡೆದಿರಿ. ಆವತ್ತಿನಿಂದ ನಾನು ಕೆಮ್ಮಿಲ್ಲ. ನಮ್ಮಪ್ಪನೂ ನನಗಾಗಿ ಅಷ್ಟು ಮಾಡುತ್ತಿದ್ದರೋ ಇಲ್ಲವೋ. ಅದಕ್ಕೇ ನಿಮ್ಮ ಆ ಒಂದು ಮಾತು ಅಷ್ಟು ನೋಯಿಸಿತು. ಮತ್ತೆ ಒಲೆ ಹಾಕೋಣ ಎಂದು ಮಾತ್ರ ಬರಬೇಡಿ. ರೂಢಿ ಹೋದರೆ ಹೋಗಲಿ, ನಾನು ಹೊಗೆಗೆ ವಾಪಸ್ ಹೋಗುವುದಿಲ್ಲ.

ಕಳೆದ ಬುಧವಾರ ಒಬ್ಬಳೇ ಜಮಖಂಡಿಗೆ ಹೋಗಿ ಗಿರಮಲ್ಲಪ್ಪನವರ ಅಂಗಡಿಯ ಮುಂದೆ ಹೊಸ ಮೊರ ಬಡಿದು ತೋರಿಸಿದೆ. ಬೇರೆ ನಲವತ್ತು ಕೊಡುತ್ತೇನೆ, ಮಳೆಗಾಲ ಮುಗಿಯುವವರೆಗೆ ಇಟ್ಟು ನೋಡಿ, ಬೂಷ್ಟು ಬಂದರೆ ನಾನೇ ಬಂದು ಒಯ್ಯುತ್ತೇನೆ ಎಂದೆ. "ಮಾವಗ ಕೇಳಿಯೇನವಾ?" ಎಂದರು. ಕೈ ನನ್ನದು, ಮಾತೂ ನನ್ನದೇ ಎಂದೆ. ಕಂಬಾರ ಅಮಸಿದ್ದಪ್ಪನಿಂದ ಹೊಸ ಕತ್ತಿ ಮಾಡಿಸಿದ್ದೇನೆ. ಮೂವತ್ತೊಂದು ಮೊರ ಆಗಿವೆ, ಮುಂದಿನ ಗುರುವಾರ ಟೆಂಪೋ ಬರುತ್ತದೆ.

ಸುವರ್ಣಕ್ಕನಿಗೆ ನನ್ನ ನೆನಪು ಹೇಳಿ. ನಿಮ್ಮ ಕಾಲಿಗೆ ಬಿದ್ದು ನಮಸ್ಕಾರ ಮಾಡುತ್ತೇನೆ. ಕಾಲಿಗೆ ಬಿದ್ದಳೆಂದರೆ ಸೋತಳು ಎಂದು ಮಾತ್ರ ತಿಳಿಯಬೇಡಿ.

ನಿಮ್ಮ ಸೊಸೆ,
ದಾನೇಶ್ವರಿ

ಮರೆತಿದ್ದೆ: ಪರೀಕ್ಷೆಗಿಟ್ಟ ನಾಲ್ಕು ಮೊರಗಳಲ್ಲಿ ಎರಡು ನೀವು ಹೋಗುವ ಮುಂಚೆ ಹೆಣೆದು ಅಂಗಳದಲ್ಲಿ ಬಿಟ್ಟು ಹೋದವು. ಅಂಚಿನ ಗಂಟನ್ನು ನೀವು ಒಳಕ್ಕೆ ಮಡಚುತ್ತೀರಿ, ನಾನು ಹೊರಕ್ಕೆ. ಅಟ್ಟಕ್ಕೆ ನಿಮ್ಮದೊಂದು, ನನ್ನದೊಂದು ಹಾಕಿದ್ದೆ. ಮೊದಲು ಬೂಷ್ಟು ಹಿಡಿದದ್ದು ನಿಮ್ಮದು. ಯಾರಿಗೂ ಹೇಳಿಲ್ಲ, ನಿಮ್ಮ ಮಗನಿಗೂ ಅದು ಯಾರದೆಂದು ಗೊತ್ತಿಲ್ಲ. ಸುಣ್ಣದ ನೀರಿನಿಂದ ಒರೆಸಿ ಒಣಗಿಸಿ ಅದರಲ್ಲೇ ಜೋಳ ಹಸನು ಮಾಡುತ್ತಿದ್ದೇನೆ. ಗುರುವಾರ ಗಿರಮಲ್ಲಪ್ಪ ಬರುವ ಮೊದಲು ನೀವು ಅಂಗಳದಲ್ಲಿರಬೇಕು, ಅವರ ಮುಂದೆ ಆಡಿದ ಮಾತನ್ನು ಅವರ ಮುಂದೆಯೇ ವಾಪಸ್ ತೆಗೆದುಕೊಳ್ಳಬೇಕು. ಕತ್ತಿ ತನ್ನಿ, ಇನ್ನೂ ಒಂಬತ್ತು ಮೊರ ಬಾಕಿ ಇವೆ.