ನೆಲ ಬಡಿದು ಕರೆದವಳಿಗೆ

ಜೋರಾಪುರ ಪೇಟೆ, ವಿಜಯಪುರ

ಈಗ ಯಾವ ವಿಳಾಸದಲ್ಲಿಯೂ ಸಿಗದ ಧರ್ಮಪತ್ನಿ ರುದ್ರವ್ವನಿಗೆ ಬಸಗೊಂಡಪ್ಪನು ಮಾಡಿಕೊಳ್ಳುವ ವಿಜ್ಞಾಪನೆ.

ತಿಕೋಟಾ ಕಚೇರಿಯ ಎದುರಿನ ಬೇವಿನ ನೆರಳಿನಲ್ಲಿ ಊರವರ ಅರ್ಜಿಗಳನ್ನು ನಕಲು ಮಾಡುತ್ತ ನನ್ನ ಕೈಗೆ ಹತ್ತಿದ ಭಾಷೆಯಿದು. "ಹೆಂಡ್ತಿಗೂ ಸಾಹೇಬರಿಗೆ ಬರದಂಗ ಬರೀತೀರಿ" ಎಂದು ನೀನು ನಗುತ್ತಿದ್ದೆ. ಬೇರೆ ಭಾಷೆ ನನಗೆ ಈಗಲೂ ಬಾರದು.

ವಿಷಯ ನಿನ್ನ ಸರದಾರನದು. ನೀನು ಹೋದ ಮೇಲೆ ಆ ಮುದಿನಾಯಿ ನನ್ನ ಕೂಗಿಗೆ ಏಳುವುದನ್ನು ಬಿಟ್ಟಿತು. ಹೆಸರು ಹಿಡಿದು ಕರೆದರೂ ಕಿವಿ ಅಲುಗಿಸದೆ, ಅಡುಗೆಮನೆಯ ಹೊಸ್ತಿಲಿಗೆ ಗದ್ದ ಊರಿ, ನೀನು ಕೂರುತ್ತಿದ್ದ ಮೂಲೆಯನ್ನೇ ನೋಡುತ್ತಿದ್ದ. ಪಕ್ಕದ ಮನೆಯ ಪರಸವ್ವ ಅದನ್ನು ಕಂಡು ಸೆರಗನ್ನು ತಲೆಗೆಳೆದುಕೊಂಡು, "ಯಪ್ಪಾ, ಅದಕ್ಕ ಅಕ್ಕನ ಸಪ್ಪಳ ಕೇಳಾಕತ್ತೈತ್ರಿ. ನಮ್ಮ ಮಾತು ಇನ್ನ ಯಾಕ ಬೇಕ್ರಿ ಅದಕ್ಕ" ಎಂದಳು. ನಾನು ಆಕೆಯನ್ನು ಗದರಿಸಿದೆನಾದರೂ ಒಳಗೆ ನಂಬಿದೆ. ಅವನು ತಲೆ ಎತ್ತಿದಾಗಲೆಲ್ಲ ನಾನೂ ಆ ಮೂಲೆಯ ಕಡೆ ನೋಡಿದೆ. ನನಗೆ ಕೇಳದ ನೀನು ನಾಯಿಗೆ ಕೇಳುತ್ತಿರುವೆ ಎಂಬುದನ್ನು ಸಹಿಸುವುದು ಕಷ್ಟವಾಯಿತು.

ಗೋಳಗುಮ್ಮಟದ ರಸ್ತೆಯಲ್ಲಿ ಒಂದು ಬೆಳಗ್ಗೆ ಅವನನ್ನು ತಿರುಗಾಡಿಸುವಾಗ ಪ್ರವಾಸಿಗರ ಬಸ್ಸು ಬೆನ್ನಿಗೇ ಬಂದು ಹಾರ್ನ್ ಹೊಡೆದರೂ ಅವನು ಸರಿಯಲಿಲ್ಲ. ಚಾಲಕ ಕಿಟಕಿಯಿಂದ ತಲೆ ಹಾಕಿ, "ಅಜ್ಜಾರ, ರಸ್ತಾ ನಿಮ್ಮ ನಾಯಿ ಹೆಸರಿಗಿ ಐತೇನ್ರಿ?" ಎಂದ. ಎಳನೀರಿನವರು, ಟೋಪಿ ಮಾರುವವರು ಎಲ್ಲರೂ ನಕ್ಕರು. ನನ್ನನ್ನು ನೋಡಿ ನಗುವುದು ಈ ಊರಿಗೆ ಅಭ್ಯಾಸವಿಲ್ಲ. ಮನೆಗೆ ಬಂದವನೇ ನಿನ್ನ ತಮ್ಮ ಶಿವಾನಂದನಿಗೆ ಫೋನ್ ಮಾಡಿ, ನಾಯಿಯನ್ನು ಮಮದಾಪುರದ ಹೊಲಕ್ಕೆ ಒಯ್ಯುವಂತೆ ಹೇಳಿದೆ. ಅಲ್ಲಿಯ ಕುರಿಗಾರರ ನಾಯಿಗಳ ನಡುವೆ ಈ ಮುದುಕ ಉಳಿಯಲಾರನೆಂದು ತಿಳಿದೇ ಹೇಳಿದೆ.

ಶಿವಾನಂದ ಬಬಲೇಶ್ವರದಿಂದ ಟಂಟಂ ಗಾಡಿ ಮಾಡಿಕೊಂಡು ಬಂದ. ನೀನು ಹೋದಾಗಿನಿಂದ ನಮ್ಮಲ್ಲಿ ಅಂಗಡಿಯ ರೊಟ್ಟಿಯೇ. ಅಂದು ಮಾತ್ರ ಸೊಸೆ ಸೌಭಾಗ್ಯ ಬ್ಯಾಂಕಿಗೆ ರಜೆ ಹಾಕಿ, ಬಂದ ನೆಂಟನಿಗೆ ರೊಟ್ಟಿ ಬಡಿಯಲೆಂದು ನಿನ್ನ ಮೂಲೆಯಲ್ಲಿ ನಿನ್ನ ಹಲಗೆ ಹಾಕಿಕೊಂಡು ಕುಳಿತಳು. ಕಟ್ಟೆಯ ಮೇಲಿನ ಕುಕ್ಕರ್ ಸೀಟಿ ಹೊಡೆಯಿತು. ಸರದಾರ ಅತ್ತ ಬೆನ್ನು ಮಾಡಿ ಮಲಗಿಯೇ ಇದ್ದ. ಆಕೆ ಹಿಟ್ಟಿನ ಉಂಡೆಯನ್ನು ಬಡಿಯತೊಡಗಿದಳು. ಅವನು ಎದ್ದ. ಬಾಲ ಆಡಿಸುತ್ತ ಓಡಿದಂತೆ ಹೋಗಿ ಆಕೆಯ ಮುಖ ನೋಡಿದ. ಬಾಲ ನಿಂತುಹೋಯಿತು.

"ಮಾಮಾ, ಸೀಟಿ ಕೇಳದ ನಾಯಿಗಿ ರೊಟ್ಟಿ ಹೆಂಗ ಕೇಳಿತು?" ಎಂದ ಶಿವಾನಂದ. "ವಾಸನಿಗಿ ಎದ್ದಿದ್ದೀತು" ಎಂದೆ. "ಹಂಚು ಇನ್ನಾ ಕಾದಿಲ್ರಿ ಮಾವಾರ" ಎಂದಳು ಸೌಭಾಗ್ಯ.

ನಾನು ಅವನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಬಗ್ಗಿ ಅಂಗೈಯಿಂದ ನೆಲ ಬಡಿದೆ. ತಟ್ಟನೆ ತಿರುಗಿದ.

ಆಗ ನೀನು ನೆನಪಾದೆ, ರುದ್ರವ್ವ. ಕಡೆಯ ವರುಷ ಅವನಿಗೆ ತುತ್ತು ಇಡುವ ಮುನ್ನ ನೀನು ನೆಲ ಬಡಿಯುತ್ತಿದ್ದೆ. "ಇದೇನ ಕೋರ್ಟ ಏನ, ಬಡದು ಬಡದು ಕರ್ಯಾಕ?" ಎಂದಿದ್ದೆ ನಾನು. "ನೀವು ಬಾಯಿಲೆ ಕರೀರಿ, ನಾ ಕೈಲೆ ಕರೀತೇನಿ" ಎಂದು ನೀನು ಮಾತು ಮುಗಿಸಿದ್ದೆ. ಅವನು ಕಿವುಡನಾದುದನ್ನು ನೀನು ಅರಿತಿದ್ದೆ. ನನಗೆ ಏಕೆ ಹೇಳಲಿಲ್ಲವೆಂಬುದಕ್ಕೆ ಅವನನ್ನು ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಟಂಟಂ ಉತ್ತರ ಹೇಳುತ್ತಿತ್ತು.

ಶಿವಾನಂದ ರೊಟ್ಟಿ ಉಂಡು ಬರಿಗೈಯಲ್ಲಿ ಹಿಂದಿರುಗಿದ.

ಈಗ ನಾನೂ ನೆಲ ಬಡಿದು ಕರೆಯುತ್ತೇನೆ. ಅವನು ಬರುತ್ತಾನೆ, ನನ್ನ ಅಂಗೈ ಮೂಸಿ, ನನ್ನನ್ನು ದಾಟಿ ಒಳಗೆ ಇಣುಕುತ್ತಾನೆ. ಅವನಿಗೆ ಯಾರ ಸಪ್ಪಳವೂ ಕೇಳುತ್ತಿರಲಿಲ್ಲವೆಂದು ಮನೆಯವರಿಗೆಲ್ಲ ನಾನೇ ತಿಳಿಸಿ ಹೇಳಿದ್ದೇನೆ. ಆದರೆ ನಿನ್ನೆ ಸಂಜೆ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ನಾನು ಬಡಿಯದೆಯೇ ಅವನು ಎದ್ದ. ಬಾಲ ಆಡಿಸುತ್ತ ನಿನ್ನ ಮೂಲೆಗೆ ಹೋದ. ಈ ಸಲ ಬಾಲ ನಿಲ್ಲಲಿಲ್ಲ. ನಾನು ಇದ್ದಲ್ಲಿಯೇ ಕುಳಿತು, ಎರಡೂ ಅಂಗೈಗಳನ್ನು ನೆಲಕ್ಕೆ ಊರಿ, ಬಹಳ ಹೊತ್ತು ಕಾಯ್ದೆ.

ಅವನ ತುತ್ತಿಗೆ ನಾನಿದ್ದೇನೆ; ನೀನು ನಿಶ್ಚಿಂತಳಾಗಿರು. ಇನ್ನೊಮ್ಮೆ ಕರೆಯುವುದಾದರೆ ತುಸು ಗಟ್ಟಿಯಾಗಿ ಬಡಿಯಬೇಕೆಂದು ವಿನಂತಿ.

ನಿನ್ನ,
ಬಸಗೊಂಡಪ್ಪ