ವೈದ್ಯರು ಕೇಳುವ ಪ್ರಶ್ನೆ

ಅಮ್ಮಾ,

ನೀನು ಹೊಲಿದ ಸ್ಕೇಟಿಂಗ್ ಉಡುಪು ಗಟ್ಟಿಯಾಗಿದೆ. ನಾನು ಬಿದ್ದರೂ ಒಂದು ಮಣಿ ಉದುರಲಿಲ್ಲ.

ಸೋಮವಾರ ಅಭ್ಯಾಸದ ವೇಳೆ ಮೂರು ಸುತ್ತಿನ ಜಿಗಿತದಲ್ಲಿ ತಲೆಯ ಹಿಂಭಾಗ ಐಸ್‌ಗೆ ಬಡಿಯಿತು. ಎದ್ದಾಗ, ಮೊಳಗುತ್ತಲೇ ಇದ್ದ ಹಾಡು ನನಗೆ ಕೇಳಿಸಲಿಲ್ಲ. ಈಗಲೂ ಸುತ್ತಿ ನಿಂತರೆ ಗೋಡೆಗಳು ನಿಲ್ಲುವುದಿಲ್ಲ. ಮಲಗಲು ಹೆದರಿಕೆಯಾಗುತ್ತದೆ.

ಭಾನುವಾರ ಸ್ಪರ್ಧೆಗೆ ಮುನ್ನ ವೈದ್ಯರು, ತಲೆಗೆ ಪೆಟ್ಟಾಗಿದೆಯೇ ಎಂದು ಎಲ್ಲರನ್ನೂ ಕೇಳುತ್ತಾರೆ. "ಬಿದ್ದಿದ್ದು ನಿಂಗೂ ಐಸ್‌ಗೂ ಗೊತ್ತಿದ್ರೆ ಸಾಕು ಕಣೇ" ಎಂದಿದ್ದಾರೆ ಕೋಚ್. ಹೌದೆಂದರೆ ಸ್ಪರ್ಧೆಗೆ ಇಳಿಯಲು ಬಿಡುವುದಿಲ್ಲ, ಎರಡು ವರ್ಷದ ಚಾಂಪಿಯನ್ ಪಟ್ಟ ಹೋಗುತ್ತದೆ. ಎಂಟನೇ ತರಗತಿಗೆ ಶಾಲೆ ಬಿಟ್ಟ ನನಗೆ ಸ್ಕೇಟಿಂಗ್ ಬಿಟ್ಟರೆ ಬೇರೇನೂ ಬರುವುದಿಲ್ಲ.

ಆದರೂ ಹೌದೆನ್ನುತ್ತೇನೆ. ಅಪ್ಪನಿಗೆ ನೀನೇ ಹೇಳು. ಭಾನುವಾರ ಟಿ.ವಿ.ಯಲ್ಲಿ ನಾನು ಕಾಣಿಸಿದರೆ, ಹೆದರಿ ಸುಳ್ಳು ಹೇಳಿದ್ದೇನೆಂದು ತಿಳಿ. ತಕ್ಷಣ ಸ್ಪರ್ಧೆ ನಡೆಸುವವರಿಗೆ ಫೋನ್ ಮಾಡಿ ನನ್ನನ್ನು ನಿಲ್ಲಿಸು.

ನಿನ್ನ
ಬುಗುರಿ