ಯಂತ್ರ ಕಟ್ಟಿದ ಗೋಡೆ

ಮಾರ್ಚ್ 4
ಇವತ್ತೂ ಯಂತ್ರದ ಗಾರೆ ಪೈಪು ಕಟ್ಟಿಕೊಂಡಿತು. ಚಳಿಗೆ ಗಾರೆ ಗಟ್ಟಿ. ಗೋಡೆ ಕಟ್ಟೋ ರೋಬೋಟ್ ಕೈ ಎತ್ತಿಕೊಂಡು ನಿಂತುಬಿಟ್ಟಿತು. ನಾನೂ ಲುತ್ಸಿಯಾನನೂ ಪೈಪು ಬಿಚ್ಚಿ, ಸರಳು ತೂರಿಸಿ, ತೊಳೆದೆವು. ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಗೋಡೆ ಕಟ್ಟಿದವರು...
"ಈಗ ಇದರ ಮೂಗು ಒರೆಸೋ ಆಯಾಗಳು ಕಣೋ ನಾವು" ಅಂದ.

ಮಾರ್ಚ್ 6
ನೇರ ಗೋಡೆಯಾದರೆ ಸರಸರ ಕಟ್ಟುತ್ತೆ, ಸುಳ್ಳು ಹೇಳಬಾರದು. ಮೂಲೆ, ಕಿಟಕಿ ಪಕ್ಕದ ಅರ್ಧ ಇಟ್ಟಿಗೆ — ಅದೆಲ್ಲ ನಮ್ಮ ತಲೆಗೆ. ಒಂದೊಂದು ಇಟ್ಟಿಗೆ ಒಂದೊಂದು ಅಳತೆ. ನಮ್ಮ ಕೈ ತಾನಾಗಿ ಸರಿಮಾಡಿಕೊಳ್ಳುತ್ತೆ. ಅದಕ್ಕೆ ಗೊತ್ತಾಗಲ್ಲ.
"ಕಲಿಯುತ್ತೆ ಜೆನೊನ್ ಅವರೇ, ಸ್ವಲ್ಪ ತಾಳ್ಮೆ ಇರಲಿ" — ಇಂಜಿನಿಯರ್ ವಿಯೊಲೆತಾ ಮೇಡಂ.
ಲುತ್ಸಿಯಾನ್ ಬಿಡಲಿಲ್ಲ: "ಮೂವತ್ತು ವರ್ಷದಿಂದ ನನ್ನ ಹೆಂಡತಿಯೂ ನನ್ನ ಬಗ್ಗೆ ಇದೇ ಹೇಳ್ತಿದಾಳೆ, ಮೇಡಂ."

ಮಾರ್ಚ್ 11, ಸಂಜೆ
ಹಿಮ ಕರಗಿ ನೆಲ ಮೆತ್ತಗಾಗಿದೆ. ಬೆಳಿಗ್ಗೆ ಆರಕ್ಕೆ ಹೋದರೆ ಯಂತ್ರದ ಒಂದು ಕಾಲು ಕುಸಿದಿದೆ, ನಿನ್ನೆ ಕಟ್ಟಿದ ಗೋಡೆ ಎರಡು ಬೆರಳು ವಾಲಿದೆ. ಹತ್ತಕ್ಕೆ ವಾರ್ಸಾದಿಂದ ಯಂತ್ರ ಕೊಳ್ಳುವವರು ಬರಬೇಕು. ಮೇಡಂ ಮುಖದಲ್ಲಿ ರಕ್ತವಿಲ್ಲ. "ಹೇಗಾದರೂ ಮಾಡಿ..." ಅಂದಳು.
"ವಾಲಲಿ ಬಿಡೋ ಜೆನೊನ್. ಅವರೂ ನೋಡಲಿ" — ಲುತ್ಸಿಯಾನ್.
ವಾಲಿದ ಗೋಡೆ ನನ್ನಿಂದ ನೋಡಲಾಗಲ್ಲ. ಅದೊಂದು ರೋಗ. ಕರಣೆ ಎತ್ತಿಕೊಂಡೆ. ಬೈಯುತ್ತಲೇ ಅವನೂ ಬಂದ. ಇಟ್ಟಿಗೆಯ ಎಂಟು ವರಸೆ ಬಿಚ್ಚಿ ಮತ್ತೆ ಕಟ್ಟಿದೆವು.
ಬಂದವರಲ್ಲೊಬ್ಬ ಗೋಡೆ ನೆಟ್ಟಗಿದೆಯಾ ಅಂತ ರಸಮಟ್ಟ ಇಟ್ಟು ನೋಡಿದ. ಗುಳ್ಳೆ ನಟ್ಟನಡುವೆ. "ಮನುಷ್ಯನ ಕೈಲಿ ಇಷ್ಟು ಆಗುತ್ತಾ!" ಅಂದ. ಶೆಡ್ಡಿನ ಹಿಂದೆ ಹುಳಿ ಸಾರು ಕುಡಿಯುತ್ತ ಇಬ್ಬರೂ ಕೇಳಿಸಿಕೊಂಡೆವು. ನಾನು ನಕ್ಕೆ. ಅವನು ನಗಲಿಲ್ಲ.

ಮಾರ್ಚ್ 19
ಲುತ್ಸಿಯಾನನನ್ನು ಕೆಲಸದಿಂದ ತೆಗೆದರು. ಯಂತ್ರಕ್ಕೆ ಒಬ್ಬ ಸಹಾಯಕ ಸಾಕಂತೆ, ಆ ಗೋಡೆ ನೋಡಿದ ಮೇಲೆ ತೀರ್ಮಾನವಾಯಿತಂತೆ. ಮೇಡಂ ನೆಲ ನೋಡುತ್ತ ಹೇಳಿದಳು. ಜೊತೆಗೊಂದು ಕಾಗದ: ಗೋಡೆ ಪೂರ್ತಿ ಯಂತ್ರದ್ದೇ, ಯಾರೂ ಕೈ ಹಾಕಿಲ್ಲ — ಸಾಕ್ಷಿ, ಮೇಸ್ತ್ರಿ ಜೆನೊನ್.
ಐವತ್ತೆಂಟು ವಯಸ್ಸು. ಎಲ್ಲಿಗೆ ಹೋಗಲಿ. ಸಹಿ ಹಾಕಿದೆ.
ಅವನು ಸಾಮಾನು ಚೀಲಕ್ಕೆ ತುಂಬುತ್ತಿದ್ದ. "ಆ ಗೋಡೆ ನಿಜವಾಗಿ ಯಾರು ಕಟ್ಟಿದ್ದು ಅಂತ ಮೇಡಂಗಿಂತ ಮೇಲಿನವರಿಗೆ ನೀನಾದರೂ ಹೇಳಿದೆಯೇನೋ?"
"ಹೇಳಿದೆ" ಅಂದುಬಿಟ್ಟೆ.
"ನೀನು ಹೇಳ್ತೀಯ ಅಂತ ಗೊತ್ತಿತ್ತು." ಬೆನ್ನು ತಟ್ಟಿ ಹೋದ.

ಏಪ್ರಿಲ್ 2
ಎರಡನೇ ಅಂತಸ್ತು. ಗಾಳಿಗೆ ಯಂತ್ರದ ಕೈ ತೂಗಾಡುತ್ತೆ, ಇಟ್ಟಿಗೆ ಅಡ್ಡಾದಿಡ್ಡಿ. ಒಬ್ಬನ ಕೈಲಾಗುವ ಕೆಲಸವಲ್ಲ.
"ಎರಡು ದಿನಕ್ಕೆ ಲುತ್ಸಿಯಾನ್ ಅವರನ್ನ ಕರೀರಿ" ಅಂದಳು ಮೇಡಂ. "ನೀವು ಕರೆದರೆ ಬರ್ತಾರೆ."
ಊಟದ ಹೊತ್ತಿಗೆ ಫೋನ್ ಮಾಡಿದೆ. ತಕ್ಷಣ ಎತ್ತಿದ.
"ಹೇಳಪ್ಪ ಸಾಕ್ಷಿ. ಕಂಪನಿ ಜಾಹೀರಾತಲ್ಲಿ ಆ ಕಾಗದ ಹಾಕಿದಾರೆ. ಓದಿದೆ."
ಫೋನ್ ಇಡಲಿಲ್ಲ. ಅವನ ಉಸಿರು ಕೇಳುತ್ತಿತ್ತು. ಕಾಯುತ್ತಿದ್ದ. ಕೆಲಸಕ್ಕೆ ಕರೆಯುವ ಮೊದಲು ಅವತ್ತಿನ ಸುಳ್ಳು ಒಪ್ಪಿಕೊಳ್ಳಬೇಕಿತ್ತು. ನಾನು ಬಾಯಿ ತೆರೆದು —